ಬಿರಿಯುವ ಮಣ್ಣಿನಲ್ಲೊಂದು ಶಿಲ್ಪ

ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು, ಆಷಾಢದ ಮಂಗಳವಾರ ಗುಳ್ಳವ್ವ, ಭಾದ್ರಪದದಲ್ಲಿ ಜೋಕುಮಾರ. ಮತ್ತೆ ಮಣ್ಣಿಗೇ ಮರಳುವ ಮೂರ್ತಿ ಮಾಡುವುದು ಧಾರವಾಡ, ಗದಗ ಸೀಮೆಗೆ ಹೊಸದಲ್ಲ. ಬ್ರಿಟನ್ನಿನ ಕಲಾವಿದ ಆಂಡಿ ಗೋಲ್ಡ್ಸ್‌ವರ್ದಿ ಎಲೆ, ಮಂಜುಗಡ್ಡೆ, ಮಣ್ಣುಗಳಿಂದ ಕೃತಿ ಕಟ್ಟಿ, ಅದು ಅಳಿಯುವ ಮುನ್ನ ಫೋಟೊದಲ್ಲಿ ಹಿಡಿಯುತ್ತಾರೆ. ನಮ್ಮ ಕಪ್ಪು ಎರೆಮಣ್ಣು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಬಿರಿಯುತ್ತದೆಂದು ಅದನ್ನು ದೂರುವವರೇ ಹೆಚ್ಚು; ಆ ಬಿರುಕಿನಿಂದಲೇ ಚಿತ್ರ ಬರೆಯಬಹುದು.

ಎರೆಯ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮೇಲ್ಮೈ ಮೊದಲು ಕುಗ್ಗಲು ಹೊರಟಾಗ ಕೆಳಗಿನ ಪದರ ಬಿಟ್ಟುಕೊಡುವುದಿಲ್ಲ. ಆ ಜಗ್ಗಾಟಕ್ಕೆ ಮಣ್ಣು ಸೀಳುತ್ತದೆ. ಬೇಸಿಗೆಯಲ್ಲಿ ನವಲಗುಂದದ ಹೊಲಗಳು ಬಾಯಿ ಬಿಡುವುದೂ ಹೀಗೆಯೇ.

ಮಣ್ಣನ್ನು ನಿಮ್ಮ ಹೊಲದಿಂದ ತನ್ನಿ, ಇಲ್ಲವೇ ಹೊಲದವರನ್ನು ಕೇಳಿ ತನ್ನಿ. ಕಪ್ಪತಗುಡ್ಡ ವನ್ಯಜೀವಿಧಾಮ, ಅಲ್ಲಿಂದ ಮಣ್ಣು, ಕಲ್ಲು ಯಾವುದನ್ನೂ ತರಬೇಡಿ. ಹೆಂಟೆ ಒಡೆದು, ಹರಳು ಆರಿಸಿ, ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ಮೇಲಿನ ನೀರು ಬಸಿದು, ಅಂಗೈಗೆ ಅಂಟದಷ್ಟು ಹದಕ್ಕೆ ನಾದಿ.

ಮೊದಲು ಒಡಲು ಕಟ್ಟಿ. ಮಸಾರಿ, ಅಂದರೆ ಕೆಂಪು ಮಣ್ಣಿಗೆ ಮರಳು, ಹೊಟ್ಟು ಬೆರೆಸಿದರೆ ಅದು ಕಡಿಮೆ ಕುಗ್ಗುತ್ತದೆ. ಆಮೆ, ಗುಡ್ಡ, ಮಲಗಿದ ಎತ್ತು, ಹೀಗೆ ತಗ್ಗಾಗಿ ಹರಡಿದ ಆಕಾರವಿದ್ದರೆ ಕುಸಿಯುವ ಭಯವಿಲ್ಲ. ಅದರ ಮೈ ಒದ್ದೆ ಮಾಡಿ, ಬರೀ ಎರೆಮಣ್ಣನ್ನು ಮೆತ್ತಿ. ಇಲ್ಲಿಯೇ ಕೈಚಳಕ ಇರುವುದು: ತೆಳುವಾಗಿ ಮೆತ್ತಿದಲ್ಲಿ ಬಿರುಕುಗಳು ಒತ್ತೊತ್ತಾಗಿ, ಸಣ್ಣ ಬಿಲ್ಲೆಗಳಾಗಿ ಬರುತ್ತವೆ, ದಪ್ಪಗೆ ಮೆತ್ತಿದಲ್ಲಿ ದೂರ ದೂರ, ಅಗಲವಾಗಿ. ಆಮೆಯ ಕುತ್ತಿಗೆಗೆ ತೆಳು ಪದರ, ಬೆನ್ನಿಗೆ ಒಂದಿಂಚು ದಪ್ಪ ಹಾಕಿ ನೋಡಿ. ಹಸಿಯಿರುವಾಗ ಕಡ್ಡಿಯಿಂದ ಆಳವಾಗಿ ಗೀರಿದರೆ ಬಿರುಕು ಬಹುಮಟ್ಟಿಗೆ ಆ ಗೆರೆಯನ್ನೇ ಹಿಡಿಯುತ್ತದೆ. ಕಣ್ಣಿಗೆ ಕುಸುಬಿ, ಜೋಳದ ಕಾಳು ಸಾಕು. ಗುಲಗಂಜಿ ಚೆಂದ ಕಂಡರೂ ವಿಷಕಾರಿ. ಮಕ್ಕಳು ಜೊತೆಗಿದ್ದರೆ ಬೇಡವೇ ಬೇಡ.

ಒಣಗಲು ಬಿಸಿಲಿಗಿಡಿ, ಮಳೆಗೆ ಸಿಗದಿರಲಿ.

ಫೋಟೊ ಒಂದೇ ಸಾಲದು. ಹಸಿಯಿಂದ ಒಣಗುವವರೆಗಿನ ಸರಣಿಯೇ ಈ ಕೃತಿ. ಎರಡು ಇಟ್ಟಿಗೆಗಳ ನಡುವೆ ಮೊಬೈಲ್ ನಿಲ್ಲಿಸಿ, ಇಟ್ಟಿಗೆಯ ಸುತ್ತ ಸುಣ್ಣದ ಗುರುತು ಹಾಕಿ. ದಿನವೂ ಅಲ್ಲಿಂದಲೇ, ಅದೇ ಹೊತ್ತಿಗೆ ತೆಗೆಯಿರಿ. ಸೂರ್ಯ ಹುಟ್ಟಿದ ಮೊದಲ ತಾಸು ಅಥವಾ ಇಳಿಹೊತ್ತು ಒಳ್ಳೆಯದು. ಓರೆ ಬೆಳಕು ಪಕ್ಕದಿಂದ ಬಿದ್ದರೆ ಪ್ರತಿ ಸೀಳಿಗೂ ನೆರಳು ಬರುತ್ತದೆ. ನಡುಮಧ್ಯಾಹ್ನ ಅದೆಲ್ಲ ಚಪ್ಪಟೆ. ಚೌಕಟ್ಟಿನ ತುಂಬ ಕಪ್ಪು ಕಂಡಾಗ ಕ್ಯಾಮೆರಾ ತಾನೇ ಬೆಳಕು ಹೆಚ್ಚಿಸಿ ಎರೆಯನ್ನು ಬೂದು ಮಾಡುತ್ತದೆ. ಪರದೆಯ ಮೇಲೆ ಶಿಲ್ಪವನ್ನು ಒತ್ತಿ ಹಿಡಿದು, ಬೆಳಕಿನ ಗುರುತನ್ನು ಕೆಳಗೆ ಎಳೆಯಿರಿ, ಮಣ್ಣು ಕಣ್ಣಿಗೆ ಕಂಡಷ್ಟೇ ಕಪ್ಪಾಗುವವರೆಗೆ. ಪಕ್ಕದಲ್ಲೊಂದು ಜೋಳದ ತೆನೆ ಇಟ್ಟರೆ ಗಾತ್ರ ತಿಳಿಯುತ್ತದೆ.

ಕೊನೆಯ ಫೋಟೊ ಆದ ಮೇಲೆ ಕಾಳು ಆರಿಸಿಕೊಂಡು, ಎರೆ ಪದರವನ್ನು ಬಿಡಿಸಿ ಮತ್ತೆ ನೆನೆಹಾಕಿ. ಅದೇ ಮಣ್ಣು ಇನ್ನೊಂದು ಶಿಲ್ಪಕ್ಕೆ ಆಗುತ್ತದೆ.