ಕರ್ಕ್‌ಗೆ ‘ನೀನು’, ಸ್ಪಾಕ್‌ಗೆ ‘ನೀವು’

ನಮ್ಮ ಹಾಸ್ಟೆಲ್ಲಿನಲ್ಲಿ ಮೆಸ್ಸಿಗೆ ಹೋಗುವ ದಾರಿಯಲ್ಲಿ ಒಂದು ಭಿತ್ತಿಪತ್ರಿಕೆ ಇತ್ತು. ಹಸಿರು ಬಟ್ಟೆ ಹೊದಿಸಿದ ಹಲಗೆ, ಅದಕ್ಕೊಂದು ಜಾಲರಿ ಬಾಗಿಲು, ಬಾಗಿಲಿಗೊಂದು ಬೀಗ. ಎರಡು ಕವನ, ನಾಲ್ಕು ನಗೆಹನಿ, ವಾರ್ಡನ್ನರಿಗೆ ಸಿಟ್ಟು ಬಾರದ ಹಾಗೆ ಬರೆದ ಒಂದು ಸಂಪಾದಕೀಯ. ಸರಕು ಇಷ್ಟೇ. ಎಂಬತ್ತರ ದಶಕದ ನಡುಭಾಗ, ಬೆಂಗಳೂರು. ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ‘ಸ್ಟಾರ್ ಟ್ರೆಕ್’ ಎಂಬ ಅಮೆರಿಕದ ಬಾಹ್ಯಾಕಾಶ ಸರಣಿ ಬರುತ್ತಿದ್ದ ಕಾಲ. ಕಾಮನ್ ರೂಮಿನ ಕಪ್ಪು ಬಿಳುಪು ಟಿವಿಯ ಮುಂದೆ ನಲವತ್ತು ಹುಡುಗರು. ಒಬ್ಬ ಆಂಟೆನಾ ತಿರುಗಿಸಲು ತಾರಸಿಯ ಮೇಲೆ. ಇಂಗ್ಲಿಷ್ ಅರ್ಧ ಅರ್ಥವಾದರೆ ಹೆಚ್ಚು. ಹಾಗಾಗಿ ಸೋಮವಾರದ ಹೊತ್ತಿಗೆ ಆ ಕಥೆಯನ್ನು ಕನ್ನಡದಲ್ಲಿ ಚಿತ್ರ ಬರೆದು ಅಂಟಿಸಿದರೆ ಹೇಗೆ ಎಂದು ನನಗೆ ಹೊಳೆಯಿತು. ಡ್ರಾಯಿಂಗ್‌ನಲ್ಲಿ ಕೈ ಸುಮಾರಾಗಿತ್ತು. ಎಂಜಿನಿಯರಿಂಗ್ ಹುಡುಗನಾದ್ದರಿಂದ ಡ್ರಾಫ್ಟರ್, ಷೀಟು, ಇಂಡಿಯನ್ ಇಂಕು ಎಲ್ಲ ಕೈಯಲ್ಲೇ ಇದ್ದವು.

ಮೊದಲ ವಾರ ನೋಡಿದ ಕಂತನ್ನೇ ಆರು ಚೌಕಗಳಲ್ಲಿ ಇಳಿಸಿದೆ. ರಾತ್ರಿ ಎರಡರವರೆಗೆ ಕೂತಿದ್ದೆ. ಬೆಳಿಗ್ಗೆ ಒಬ್ಬನೂ ನಿಲ್ಲಲಿಲ್ಲ. ನಿಂತವನೊಬ್ಬ, “ಇದು ನಿನ್ನೆ ನೋಡಿದ್ದೇ ಅಲ್ವೇನೋ?” ಎಂದು ಇಡ್ಲಿ ಕಡೆಗೆ ನಡೆದ. ಅವನು ಹೇಳಿದ್ದು ಸರಿ. ಟಿವಿಯಲ್ಲಿ ಐವತ್ತು ನಿಮಿಷ ಓಡಿದ್ದನ್ನು ಆರು ಚೌಕಕ್ಕೆ ತುಂಬಿದರೆ ಉಳಿಯುವುದು ಸಾರಾಂಶ. ಕಥೆ ಮೊದಲೇ ಗೊತ್ತಿದ್ದವನಿಗೆ ಅದು ಯಾಕೆ ಬೇಕು? ಸರಣಿಯಿಂದ ಪಾತ್ರ, ಹಡಗು, ಮಾತಿನ ಧಾಟಿ ಮಾತ್ರ ತೆಗೆದುಕೊಂಡು, ಕಥೆಯನ್ನು ನಾವೇ ಕಟ್ಟಬೇಕು. ಈ ದಾರಿಯಲ್ಲಿ ನಡೆದ ವೃತ್ತಿಯವರೆಲ್ಲ ಹೆಚ್ಚುಕಡಿಮೆ ಇದನ್ನೇ ಮಾಡಿದ್ದಾರೆಂದು ಬಹಳ ವರ್ಷದ ಮೇಲೆ ತಿಳಿಯಿತು.

ಹಾಗೆ ಶುರುವಾಯಿತು ನಮ್ಮದೇ ಕಥೆ: ಎಂಟರ್‌ಪ್ರೈಸ್ ಹಡಗು ಒಂದು ಗ್ರಹಕ್ಕೆ ಬರುತ್ತದೆ. ಅಲ್ಲಿನ ಜನ ಮಾತಾಡಿದರೆ ಸದ್ದು ಬರುವುದಿಲ್ಲ, ಧೂಳು ಬರುತ್ತದೆ. ಧೂಳು ನೆಲಕ್ಕೆ ಬಿದ್ದ ಮೇಲೆ ಅದರ ವಿನ್ಯಾಸ ಓದಿ ಅರ್ಥ ಮಾಡಿಕೊಳ್ಳಬೇಕು. ಗಾಳಿ ಬೀಸಿದರೆ ಒಪ್ಪಂದವೇ ಹಾರಿಹೋಗುತ್ತದೆ. ಟಿವಿಯವರಿಗೆ ಇಂಥದಕ್ಕೆ ದುಡ್ಡು ಎಲ್ಲಿಂದ ಬರಬೇಕು? ಹಡಗನ್ನು ಪ್ರತಿ ವಾರ ಗ್ರಹದ ಮೇಲೆ ಇಳಿಸುವ ಖರ್ಚು ತಪ್ಪಿಸಲೆಂದೇ ಅವರು, ಮನುಷ್ಯರನ್ನು ಇಲ್ಲಿ ಕರಗಿಸಿ ಅಲ್ಲಿ ಮೂಡಿಸುವ ಟ್ರಾನ್ಸ್‌ಪೋರ್ಟರ್ ಹುಟ್ಟುಹಾಕಿದ್ದು. ಶಾಯಿಗೆ ಆ ಲೆಕ್ಕವಿಲ್ಲ. ಸಾವಿರ ಜನರ ಸಂತೆಯೂ ಒಂದೇ ಬಾಟಲಿ.

ತಮಾಷೆಯೆಂದರೆ ಟಿವಿಗೆ ಅಗ್ಗವಾದದ್ದೇ ನನಗೆ ದುಬಾರಿಯಾಯಿತು. ಮನುಷ್ಯ ಮಿನುಗಿ ಕರಗುವುದನ್ನು ಪೆನ್ನಿನಲ್ಲಿ ತೋರಿಸುವುದು ಹೇಗೆ? ಅವರು ಅಲ್ಯೂಮಿನಿಯಂ ಪುಡಿಯನ್ನು ಬೆಳಕಿನಲ್ಲಿ ಉದುರಿಸಿ ಚಿತ್ರೀಕರಿಸಿದ್ದರಂತೆ. ನಾನು ಮೊದಲು ಚುಕ್ಕಿ ಇಟ್ಟೆ. ಮೂವರು ಮನುಷ್ಯರಿಗೆ ಚುಕ್ಕಿ ಇಡುವಷ್ಟರಲ್ಲಿ ಬೆಳಗಾಯಿತು. ಆಮೇಲೆ ಕಂಡುಕೊಂಡ ಉಪಾಯ ಹಲ್ಲುಜ್ಜುವ ಬ್ರಷ್. ಹಳೆಯ ಪೋಸ್ಟ್ ಕಾರ್ಡಿನಲ್ಲಿ ಆಕೃತಿ ಕತ್ತರಿಸಿ, ಆ ಕಾರ್ಡನ್ನು ಷೀಟಿನ ಮೇಲೆ ಒತ್ತಿಹಿಡಿದು, ಶಾಯಿಯಲ್ಲಿ ಅದ್ದಿದ ಬ್ರಷ್ಷಿನ ಮೇಲೆ ಹೆಬ್ಬೆರಳ ಉಗುರು ಎಳೆಯುವುದು. ಸಣ್ಣ ಹನಿಗಳು ಸಿಡಿದು ಮನುಷ್ಯನ ಆಕಾರದಲ್ಲಿ ಕೂರುತ್ತವೆ. ಕಾಲ ಬಳಿ ಎರಡು ಸಲ ಎಳೆದು ತಲೆಯ ಬಳಿ ಒಂದೇ ಸಲ ಎಳೆದರೆ ಮೇಲಿನಿಂದ ಕರಗುತ್ತಿರುವ ಹಾಗೆ ಕಾಣುತ್ತದೆ. ಶಾಯಿ ಸ್ವಲ್ಪ ಒಣಗುತ್ತಾ ಬಂದಿರಬೇಕು. ಹಸಿ ಇದ್ದರೆ ದೊಡ್ಡ ಹನಿ ಬೀಳುತ್ತದೆ. ಹಾಗೆ ಬಿದ್ದೂ ಬಿತ್ತು. ಮುಗಿದಿದ್ದ ಪಕ್ಕದ ಚೌಕದಲ್ಲಿ ಕ್ಯಾಪ್ಟನ್ನನ ನಂತರದ ಅಧಿಕಾರಿ ಸ್ಪಾಕ್‌ನ ಮುಖದ ತುಂಬ ಸಿಡುಬು. ಬಿಳಿ ಪೋಸ್ಟರ್ ಕಲರ್ ಹಚ್ಚಿ ಮುಚ್ಚಿದೆ. ಮುಖ ಸುಣ್ಣ ಬಳಿದ ಗೋಡೆಯಂತಾಯಿತು. ಕೊನೆಗೆ “ಧೂಳುಮಾತಿನವರ ಸೋಂಕು ತಗುಲಿತು” ಎಂದು ಕಥೆಯಲ್ಲೇ ಸೇರಿಸಿಬಿಟ್ಟೆವು. ಆ ವಾರವೇ ಹುಡುಗರು ಗುಂಪುಗೂಡಿ ಓದಿದ್ದು.

ಹಡಗಿನ ಮುಂಭಾಗದ ತಟ್ಟೆಯನ್ನು ಮಾತ್ರ ಎಂಜಿನಿಯರಿಂಗ್ ಡ್ರಾಯಿಂಗ್ ತರಗತಿಯಲ್ಲಿ ಕಲಿತಂತೆ ಎರಡು ಏಕಕೇಂದ್ರ ವೃತ್ತ ಎಳೆದು, ಬಿಂದು ಗುರುತಿಸಿ, ದೀರ್ಘವೃತ್ತ ಮಾಡುತ್ತಿದ್ದೆ. ಆ ಪಾಠ ನನ್ನ ಬದುಕಿನಲ್ಲಿ ಉಪಯೋಗಕ್ಕೆ ಬಂದದ್ದು ಅಲ್ಲಿ ಮಾತ್ರ.

ನಿಜವಾದ ಪೇಚು ಬಂದದ್ದು ಮಾತಿನಲ್ಲಿ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ‘ಯೂ’. ಕನ್ನಡದಲ್ಲಿ ಬಾಯಿ ತೆರೆದ ಕೂಡಲೇ ಯಾರು ಯಾರಿಗೆ ಏನು ಎಂದು ತೀರ್ಮಾನವಾಗಬೇಕು. ಮೊದಲು ಎಲ್ಲರ ಬಾಯಲ್ಲೂ ‘ನೀವು’ ಹಾಕಿದೆ. ಓದಿದರೆ ತಾಲೂಕು ಕಚೇರಿ. ಎಲ್ಲಕ್ಕೂ ‘ನೀನು’ ಹಾಕಿದೆ. ಶಿಸ್ತಿನ ಹಡಗು ಹೋಗಿ ಕ್ರಿಕೆಟ್ ಟೀಮಾಯಿತು. ಆಗ ನಾನೂ ರೂಮ್‌ಮೇಟೂ ಕೂತು ಒಂದು ಹಾಳೆಯ ಮೇಲೆ ಪಟ್ಟಿ ಮಾಡಿದೆವು. ಸ್ಪಾಕ್ ಎಲ್ಲರಿಗೂ ‘ನೀವು’, ಪ್ರಾಣ ಹೋದರೂ ಬದಲಿಲ್ಲ. ಕ್ಯಾಪ್ಟನ್ ಜಿಮ್ ಕರ್ಕ್ ಹಡಗಿನ ಮೇಲೆ ಸ್ಪಾಕ್‌ಗೆ ‘ನೀವು’, ಇಬ್ಬರೇ ಇದ್ದಾಗ ‘ನೀನು’. ಡಾಕ್ಟರ್ ಮೆಕಾಯ್ ಕರ್ಕ್‌ಗೆ ಯಾವಾಗಲೂ ‘ನೀನು’. ಸ್ಪಾಕ್‌ಗೆ ಮಾತ್ರ ಬೇಕೆಂದೇ ಉದ್ದದ ‘ನೀವು’, ಮರ್ಯಾದೆಗಲ್ಲ, ಚುಚ್ಚಲಿಕ್ಕೆ. ಒಂಬತ್ತನೇ ವಾರ ಸ್ಪಾಕ್ ಸೋಂಕಿನಿಂದ ಏಳದೆ ಮಲಗಿದ್ದಾಗ ಡಾಕ್ಟರು ಮೊದಲ ಸಲ, “ಏಳೋ ಮಾರಾಯ” ಎನ್ನುತ್ತಾನೆ. ಆ ಚೌಕದಲ್ಲಿ ಮುಖಗಳು ಚೆನ್ನಾಗಿ ಬಂದಿರಲಿಲ್ಲ. ಡಾಕ್ಟರ ಮೂಗು ನಮ್ಮ ಮೆಸ್ ಮ್ಯಾನೇಜರರದು. ಆದರೂ ಎದುರು ನಿಂತು ಓದುತ್ತಿದ್ದವರು ಸುಮ್ಮನಾದರು. ಮುಖ ಹೋಲಬೇಕೆಂದು ಒದ್ದಾಡುವುದನ್ನು ಅಂದೇ ಬಿಟ್ಟೆ.

ಮೆಕಾಯ್ ಸರಣಿಯಲ್ಲಿ ಅಮೆರಿಕದ ದಕ್ಷಿಣದವನು, ಜಾರ್ಜಿಯಾದವನು, ಮಾತಿನಲ್ಲಿ ಒಂದು ಎಳೆತ. ನನ್ನ ರೂಮ್‌ಮೇಟ್ ಧಾರವಾಡದ ಕಡೆಯವನು. “ಡಾಕ್ಟರ್ ಮಾತು ನಾ ಬರೀತೇನಿ, ನಿಮಗ ಬರೂದಿಲ್ಲ” ಎಂದ. ಅಲ್ಲಿಂದ ಮೆಕಾಯ್, “ಏ ಜಿಮ್, ನಾ ಡಾಕ್ಟರ್ ಅದೀನಿ, ಹಮಾಲ ಅಲ್ಲ!” ಎನ್ನತೊಡಗಿದ. ಮೈಸೂರು ಕಡೆಯ ಹುಡುಗರಿಗೆ ಒಂದೆರಡು ಮಾತು ತಿಳಿಯದೆ ಹೋದದ್ದೂ ಉಂಟು. ಆದರೆ ಮಾತಿನ ಬಲೂನಿನ ಬಾಲ ಯಾರ ಕಡೆಗಿದೆ ಎಂದು ನೋಡುವ ಗೋಜೇ ಇಲ್ಲದೆ ಇದು ಡಾಕ್ಟರ ಮಾತು ಎಂದು ಗೊತ್ತಾಗುತ್ತಿತ್ತು. ಕ್ಯಾಪ್ಟನ್ನನ ಹೆಸರಿಗೆ ಮಾತ್ರ ನಮ್ಮಲ್ಲಿ ಉದ್ಧಾರವಿರಲಿಲ್ಲ. ಕೊನೆಯವರೆಗೂ ಅವನು ‘ಕರ್ಕಾಟಕ ರಾಶಿ’.

ಅಕ್ಷರದ ಕಷ್ಟ ಬೇರೆಯದೇ. ಇಂಗ್ಲಿಷ್ ಕಾಮಿಕ್ಸಿನಲ್ಲಿ ಎಲ್ಲ ದೊಡ್ಡಕ್ಷರ, ಒಂದೇ ಎತ್ತರ, ಇಟ್ಟಿಗೆ ಜೋಡಿಸಿದ ಹಾಗೆ ಕೂರುತ್ತವೆ. ನಮಗೆ ಮೇಲೆ ಗುಡಿಸು, ಕೆಳಗೆ ಒತ್ತು. ‘ಸ್ಪಾಕ್’ ಎಂದು ಬರೆಯುವಾಗಲೇ ಪ-ಒತ್ತು ಕೆಳಗಿಳಿದು ಮುಂದಿನ ಸಾಲಿನ ಗುಡಿಸಿಗೆ ಮುಟ್ಟುತ್ತದೆ. ‘ಎಂಟರ್‌ಪ್ರೈಸ್’ನಲ್ಲಿ ರ-ಒತ್ತಿಗೂ ಐತ್ವಕ್ಕೂ ಒಂದೇ ಜಾಗಕ್ಕೆ ಜಗಳ. ಸಾಲುಗಳ ನಡುವೆ ಜಾಗ ಬಿಟ್ಟರೆ ಬಲೂನು ಊದಿ ಚಿತ್ರ ನುಂಗುತ್ತದೆ. ಕೊನೆಗೆ ನನ್ನ ಕ್ರಮ ತಿರುವುಮುರುವಾಯಿತು. ಮೊದಲು ಮಾತು ಬರೆದು, ಸುತ್ತ ಬಲೂನು ಎಳೆದು, ಉಳಿದ ಜಾಗದಲ್ಲಿ ಮನುಷ್ಯರನ್ನು ನಿಲ್ಲಿಸುವುದು. ಒಂದು ಬಲೂನಿಗೆ ಮೂರು ಸಾಲು, ಸಾಲಿಗೆ ಮೂರು ಪದ. ಹೆಚ್ಚಾದರೆ ರೂಮ್‌ಮೇಟಿನ ಕೈಯಲ್ಲಿ ಕತ್ತರಿ.

ಬಣ್ಣದ ಕಥೆ ಹೇಳಿದರೆ ಈಗಲೂ ನಗು. ನಮ್ಮ ಟಿವಿಯಲ್ಲಿ ಅಂಗಿಗಳೆಲ್ಲ ಬೂದು. ಕರ್ಕ್‌ಗೆ ಹಸಿರು, ಸ್ಪಾಕ್‌ಗೆ ಕಂದು ಹಚ್ಚಿದೆ. ನಿಜವಾದ ಬಣ್ಣ ಚಿನ್ನ, ನೀಲಿ, ಕೆಂಪು ಎಂದು ಗೊತ್ತಾದಾಗ ನಾಚಿಕೆಯಾಯಿತು. ಇನ್ನೂ ಎಷ್ಟೋ ವರ್ಷ ಕಳೆದ ಮೇಲೆ ಓದಿದೆ: ಕರ್ಕ್‌ನ ಆ ಮಖಮಲ್ಲಿನಂಥ ಅಂಗಿಯ ಬಟ್ಟೆ ಮೂಲದಲ್ಲಿ ಹಸಿರು ಛಾಯೆಯದೇ, ದೀಪದ ಬೆಳಕಿಗೂ ಫಿಲ್ಮಿಗೂ ಸಿಕ್ಕಿ ಚಿನ್ನದಂತೆ ಕಂಡಿತಂತೆ! ಕುರುಡು ಏಟು ಗುರಿಗೆ ಬಿದ್ದಿತ್ತು. ಇಂಥ ಎಡವಟ್ಟು ನನ್ನೊಬ್ಬನದೂ ಅಲ್ಲ. ಅಮೆರಿಕದ ಗೋಲ್ಡ್ ಕೀ ಪ್ರಕಾಶನ 1967ರಿಂದ ತಂದ ಕಾಮಿಕ್ಸಿಗೆ ಬಹುಕಾಲ ಚಿತ್ರ ಬರೆದ ಅಲ್ಬರ್ಟೊ ಜಿಯೊಲಿಟ್ಟಿ ಇಟಲಿಯವರು. ಸರಣಿಯನ್ನೇ ನೋಡದೆ, ಕಳಿಸಿಕೊಟ್ಟ ಫೋಟೊಗಳ ಮೇಲೆ ಕೆಲಸ ಮಾಡಿದವರು. ಆ ಕಾಮಿಕ್ಸಿನ ಮೊದಮೊದಲ ಸಂಚಿಕೆಗಳಲ್ಲಿ ಎಂಟರ್‌ಪ್ರೈಸಿನ ಹಿಂದಿನಿಂದ ದೀಪಾವಳಿ ರಾಕೆಟ್ಟಿನ ಹಾಗೆ ಬೆಂಕಿ ಉಗುಳುತ್ತದೆ. ಬ್ರಿಟನ್ನಿನಲ್ಲಿ ‘ಜೋ 90: ಟಾಪ್ ಸೀಕ್ರೆಟ್’ ಎಂಬ ವಾರಪತ್ರಿಕೆ ಬಿಬಿಸಿಯಲ್ಲಿ ಸರಣಿ ಬರುವ ಮೊದಲೇ, 1969ರ ಜನವರಿಯಲ್ಲಿ, ಚಿತ್ರಕಥೆ ಶುರುಮಾಡಿತು. ಅಲ್ಲಿ ಕ್ಯಾಪ್ಟನ್ನನ ಹೆಸರು ಮೊದಲ ಕೆಲವು ವಾರ ‘ಕರ್ಟ್’. ಕರ್ಕಾಟಕ ರಾಶಿಯೇ ವಾಸಿ.

2012–13ರಲ್ಲಿ ಅಮೆರಿಕದ ದಿನಪತ್ರಿಕೆಗಳ ‘ಸ್ಟಾರ್ ಟ್ರೆಕ್’ ಸ್ಟ್ರಿಪ್ಪುಗಳು ಎರಡು ದಪ್ಪ ಸಂಪುಟಗಳಾಗಿ ಬಂದಾಗ ತರಿಸಿಕೊಂಡೆ. ಮೊದಲ ಸಿನಿಮಾ ತೆರೆಗೆ ಬರುವ ವಾರವೇ, 1979ರ ಡಿಸೆಂಬರ್ 2ರಂದು ಆರಂಭವಾಗಿ 1983ರ ಡಿಸೆಂಬರ್‌ವರೆಗೆ ನಡೆದದ್ದು ಅದು. ಥಾಮಸ್ ವಾರ್ಕೆಂಟಿನ್ ಮೊದಮೊದಲು ಕಥೆಯನ್ನೂ ಚಿತ್ರವನ್ನೂ ಒಬ್ಬರೇ ಮಾಡುತ್ತಿದ್ದರು. ದಿನವೂ, ರಜೆಯಿಲ್ಲದೆ! ನಾನು ವಾರಕ್ಕೊಂದು ಷೀಟಿಗೆ ಸುಸ್ತಾಗುತ್ತಿದ್ದವನು. ಚಿತ್ರ ಬಿಟ್ಟು ಚೌಕಗಳ ಕೆಲಸ ನೋಡುತ್ತಾ ಕೂತೆ. ದಿನಕ್ಕೆ ಮೂರು ಚೌಕ ಸಿಕ್ಕರೆ ಮೊದಲನೆಯದು ನಿನ್ನೆ ತಪ್ಪಿಸಿಕೊಂಡವನಿಗೆ, ನಡುವಿನದು ಇಂದಿಗೆ, ಕೊನೆಯದು ನಾಳೆಗೆ. ಹಾಗಾಗಿ ಕಥೆ ನಡೆಯಲು ಸಿಗುವುದು ಒಂದೇ ಚೌಕ. ಪುಸ್ತಕವಾಗಿ ಒಟ್ಟಿಗೆ ಓದಿದರೆ ಹೇಳಿದ್ದನ್ನೇ ಹೇಳುತ್ತಾರಲ್ಲ ಎಂದು ಬೇಸರವಾಗುತ್ತದೆ. ಬೆಳಗಿನ ಕಾಫಿಯ ಜೊತೆ ಒಂದೊಂದೇ ಓದಿದರೆ ಬೇಸರವಾಗುವುದಿಲ್ಲ. ನಾನು ಹಾಗೇ ಓದಿದೆ, ಎರಡು ಸಂಪುಟಕ್ಕೆ ವರ್ಷಗಳೇ ಹಿಡಿದವು.

ನಮ್ಮ ಕಥೆ ಹನ್ನೊಂದನೇ ವಾರಕ್ಕೆ ನಿಂತಿತ್ತು. ಪರೀಕ್ಷೆ ಬಂತು, ಆಮೇಲೆ ಯಾರೋ ಬೀಗದ ಕೈ ಕಳೆದರು. ಸ್ಪಾಕ್ ಅರ್ಧ ಮನುಷ್ಯ, ಅರ್ಧ ಬ್ರಷ್ಷಿನ ಹನಿಯಾಗಿ ಟ್ರಾನ್ಸ್‌ಪೋರ್ಟರಿನಲ್ಲೇ ಉಳಿದ. ಹನ್ನೊಂದರಲ್ಲಿ ಮೂರು ಷೀಟು ನನ್ನ ಹತ್ತಿರ ಇವೆ, ಅಂಚು ಗೆದ್ದಲು ತಿಂದದ್ದು.

ಹೋದ ವರ್ಷ ಮಗಳ ಟ್ಯಾಬ್ಲೆಟ್ಟಿನಲ್ಲಿ ಹನ್ನೆರಡನೇ ವಾರ ಬರೆದೆ. ಚುಕ್ಕಿಗೆ ಅದರಲ್ಲಿ ಬೇರೆಯೇ ಬ್ರಷ್ ಇದೆ, ಉಗುರು ಕಪ್ಪಾಗುವುದಿಲ್ಲ. ಮೊದಲ ಚೌಕದಲ್ಲಿ ಹಿಂದೇನಾಯಿತು ಎಂದು ಹೇಳಿದೆ, ತಪ್ಪಿಸಿಕೊಂಡು ನಲವತ್ತು ವರ್ಷವಾಗಿತ್ತಲ್ಲ. ನಡುವೆ ಸ್ಪಾಕ್ ಹೊರಗೆ ಬಂದ. ಕೊನೆಯಲ್ಲಿ ಮೆಕಾಯ್‌ಗೆ ಒಂದು ಖಾಲಿ ಬಲೂನು ಬಿಟ್ಟು ರೂಮ್‌ಮೇಟಿಗೆ ವಾಟ್ಸ್ಯಾಪಿನಲ್ಲಿ ಕಳಿಸಿದೆ. ಅವನಿಗೂ ಈಗ ಕನ್ನಡಕ ಬಂದಿದೆ. ಮೂರು ದಿನ ಸುದ್ದಿಯಿಲ್ಲ. ನಾಲ್ಕನೇ ದಿನ ಡಾಕ್ಟರ ಮಾತು ಬಂತು: “ಬಂದ್ಯಾ? ಊಟ ಆಗೇದೇನು?” ಅದರ ಕೆಳಗೆ ಇನ್ನೊಂದು ಸಾಲು, ಅದು ನನಗೆ: “ಎರಡನೇ ಚೌಕದಾಗ ಪ-ಒತ್ತು ಮತ್ತ ಕೆಳಗಿನ ಸಾಲಿಗೆ ತಾಗೇದ, ನೋಡು.”