ಪೀ ಪಫರ್ ಮೀನಿಗೆ ಊಟ ಹಾಕುವುದು ಹೇಗೆ?

ಪೀ ಪಫರ್ ಎಂಬ ಪುಟ್ಟ ಅಕ್ವೇರಿಯಂ ಮೀನು ಕೊಂಡವರು ಸಾಮಾನ್ಯವಾಗಿ ಒಂದು ಡಬ್ಬಿ ಒಣ ಆಹಾರವನ್ನೂ ಜೊತೆಗೆ ತರುತ್ತಾರೆ. ಮೀನು ಅದನ್ನು ಮೂಸಿಯೂ ನೋಡುವುದಿಲ್ಲ. ಹೊಟ್ಟೆ ಒಳಗೆ ಸೇರುತ್ತಾ ಹೋಗುತ್ತದೆ. ಇದು ಬೇಟೆಯಾಡಿ ತಿನ್ನುವ ಮೀನು. ಎದುರಿಗೆ ಏನಾದರೂ ಮಿಸುಕಾಡಿದರೇನೇ ಅದಕ್ಕೆ ಊಟದ ನೆನಪು.

ಇದು ನಮ್ಮದೇ ನೆಲದ ಮೀನು. ಕೇರಳ ಮತ್ತು ದಕ್ಷಿಣ ಕರ್ನಾಟಕದ ಪಶ್ಚಿಮ ಘಟ್ಟದ ನದಿಗಳನ್ನು ಬಿಟ್ಟರೆ ಬೇರೆಲ್ಲೂ ಸಹಜವಾಗಿ ಸಿಗುವುದಿಲ್ಲ. ವಿಜ್ಞಾನಿಗಳಾದ ಹೋರಾ ಮತ್ತು ನಾಯರ್ 1941ರಲ್ಲಿ ಇದನ್ನು ಮೊದಲು ವಿವರಿಸಿದರು. ಉದ್ದ ಸುಮಾರು 2.5 ಸೆಂ.ಮೀ. ಅಂಗಡಿಗೆ ಬರುವ ಮೀನುಗಳಲ್ಲಿ ಹೊಳೆಯಿಂದ ಹಿಡಿದು ತಂದವೇ ಜಾಸ್ತಿ, ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲೂ ಇದರ ಹೆಸರಿದೆ. ಹಾಗಾಗಿ ತರುವ ಮೊದಲೇ ಊಟದ ವ್ಯವಸ್ಥೆ ಆಗಿರಬೇಕು.

ಮೊದಲು ಬಸವನಹುಳು ಸಾಕಿ

ಮೀನು ತರುವುದಕ್ಕೆ ಮೂರ್ನಾಲ್ಕು ವಾರ ಮುಂಚೆ ಒಂದು ಗಾಜಿನ ಜಾಡಿಯಲ್ಲಿ ಕ್ಲೋರಿನ್ ಇಲ್ಲದ ನೀರು ತುಂಬಿ, ಒಂದೆರಡು ನೀರಿನ ಗಿಡ ಹಾಕಿ. ಅಕ್ವೇರಿಯಂ ಗಿಡಗಳ ಜೊತೆ ತಾನಾಗಿಯೇ ಬರುವ ಸಣ್ಣ ಬಸವನಹುಳುಗಳನ್ನು ಅದಕ್ಕೆ ಬಿಡಿ. ಬೇಯಿಸಿದ ಪಾಲಕ್ ಎಲೆ, ಸೌತೆಕಾಯಿ ಹೋಳು ಹಾಕಿದರೆ ಸಾಕು, ಬೇಗ ಮರಿಯಾಗುತ್ತವೆ. ಗದ್ದೆ, ಚರಂಡಿಯಿಂದ ಹಿಡಿದು ತರಬೇಡಿ. ಕೀಟನಾಶಕವೋ ಪರೋಪಜೀವಿಯೋ ಜೊತೆಗೆ ಬರಬಹುದು. ಉದ್ದನೆಯ ಶಂಖದಂಥ ಗಟ್ಟಿ ಚಿಪ್ಪಿನವೂ ಬೇಡ, ಹಲ್ಲು ಮುರಿಯುವ ಭಯವಿದೆ.

ಮೀನಿನ ಕಣ್ಣಿನಷ್ಟು ದೊಡ್ಡ ಹುಳು ಒಂದನ್ನು ಟ್ಯಾಂಕಿಗೆ ಬಿಟ್ಟು ನೋಡಿ. ಪಫರ್ ಹತ್ತಿರ ಬಂದು ಗಾಳಿಯಲ್ಲಿ ನಿಂತ ಹಾಗೆ ನೀರಲ್ಲಿ ನಿಲ್ಲುತ್ತದೆ. ಮೈ ಓರೆ ಮಾಡುತ್ತದೆ. ಒಂದು ಕಣ್ಣು ಹುಳುವಿನ ಮೇಲೆ, ಇನ್ನೊಂದು ಬೇರೆ ಕಡೆ. ಹುಳು ಚಿಪ್ಪಿನಿಂದ ತಲೆ ಹೊರಹಾಕಿದ್ದೇ ತಡ, ಚಟ್ಟನೆ ಕಚ್ಚುತ್ತದೆ. ಕೊಕ್ಕಿನಂತೆ ಕೂಡಿಕೊಂಡ ಅದರ ಹಲ್ಲು ಬೆಳೆಯುತ್ತಲೇ ಇರುತ್ತದೆ, ಚಿಪ್ಪು ಕಡಿದಾಗ ಸವೆಯುತ್ತದೆ. ದೊಡ್ಡ ಜಾತಿಯ ಪಫರ್‌ಗಳಿಗಂತೂ ಇದು ತೀರಾ ಅಗತ್ಯ.

ಫ್ರೋಜನ್ ಆಹಾರ

ಬ್ಲಡ್‌ವರ್ಮ್ (ಒಂದು ಬಗೆಯ ಸಣ್ಣ ಕೆಂಪು ಹುಳು) ಹೆಪ್ಪುಗಟ್ಟಿಸಿದ ಕ್ಯೂಬ್ ಆಗಿ ಸಿಗುತ್ತದೆ, ಅದನ್ನು ಇಡಿಯಾಗಿ ಹಾಕಬೇಡಿ. ಒಂದು ಚೂರು ಕತ್ತರಿಸಿ, ಲೋಟದಲ್ಲಿ ಟ್ಯಾಂಕಿನ ನೀರು ಹಾಕಿ ಕರಗಿಸಿ. ಟೀ ಸೋಸುವ ಜರಡಿಯಲ್ಲಿ ಸೋಸಿ ಆ ಕೆಂಪು ನೀರು ಚೆಲ್ಲಿ. (ಜರಡಿ ಇದಕ್ಕೇ ಬೇರೆ ಇರಲಿ.) ಕೆಲವರಿಗೆ ಬ್ಲಡ್‌ವರ್ಮ್‌ನಿಂದ ಅಲರ್ಜಿ ಆಗುತ್ತದೆ, ಕೈಯಲ್ಲಿ ಮುಟ್ಟದೆ ಚಿಮಟ ಬಳಸಿ. ದಿನವೂ ಇದೊಂದೇ ಕೊಡಬೇಡಿ. ಡಾಫ್ನಿಯಾ, ಬ್ರೈನ್ ಶ್ರಿಂಪ್‌ನಂಥ ಪುಟ್ಟ ನೀರುಜೀವಿಗಳೂ ನಡುನಡುವೆ ಬರಲಿ. ಚರಂಡಿ ನೀರಲ್ಲಿ ಬೆಳೆದ ಜೀವಂತ ಟ್ಯೂಬಿಫೆಕ್ಸ್ ಹುಳು ಅಗ್ಗಕ್ಕೆ ಸಿಕ್ಕರೂ ರೋಗ ತರಬಹುದು, ನನ್ನ ಪ್ರಕಾರ ಬೇಡವೇ ಬೇಡ.

ಡ್ರಾಪರ್‌ನಲ್ಲಿ ಎಳೆದು ಮೀನಿನ ಮುಂದೆ ಸ್ವಲ್ಪಸ್ವಲ್ಪವೇ ಬಿಡಿ, ಹುಳು ತೇಲಾಡಲಿ. ಎರಡು ಮೂರು ಮೀನಿದ್ದರೆ ಎರಡು ಮೂರು ಮೂಲೆಯಲ್ಲಿ ಹಾಕಿ. ಇಲ್ಲದಿದ್ದರೆ ಜೋರಿನದೇ ಎಲ್ಲ ತಿಂದುಬಿಡುತ್ತದೆ, ಮೆತ್ತಗಿನದು ಗಿಡದ ಹಿಂದೆ ಅಡಗಿ ಉಪವಾಸ ಬೀಳುತ್ತದೆ.

ಎಷ್ಟು?

ಬೆಳೆದ ಮೀನಿಗೆ ದಿನಕ್ಕೆ ಒಮ್ಮೆ, ಮರಿಗೆ ಎರಡು ಸಲ. ಅಳತೆಗೆ ಹೊಟ್ಟೆಯನ್ನೇ ನೋಡಿ. ಪಕ್ಕದಿಂದ ನೋಡಿದಾಗ ಸ್ವಲ್ಪ ಉಬ್ಬಿದ್ದರೆ ಸರಿ, ಗೋಲಿಯಂತಾದರೆ ಜಾಸ್ತಿ ಆಯಿತು. ಚೆನ್ನಾಗಿ ತಿಂದರೂ ವಾರಗಟ್ಟಲೆ ಹೊಟ್ಟೆ ಒಳಗೇ ಇದ್ದರೆ ಕರುಳಲ್ಲಿ ಜಂತು ಇರಬಹುದು. ಹೊಳೆಯಿಂದ ಬಂದ ಮೀನುಗಳಲ್ಲಿ ಇದು ಸಾಮಾನ್ಯ, ಮೀನಿನ ಬಗ್ಗೆ ತಿಳಿದ ಪಶುವೈದ್ಯರನ್ನು ಕೇಳಿ ಔಷಧ ಕೊಡಿ.

ಅರ್ಧ ಗಂಟೆಯೊಳಗೆ ಉಳಿದದ್ದನ್ನು ಅದೇ ಡ್ರಾಪರ್‌ನಿಂದ ಎತ್ತಿಬಿಡಿ. ಕೊಳೆತರೆ ಅಮೋನಿಯ ಏರುತ್ತದೆ, ಪಫರ್ ತಡೆದುಕೊಳ್ಳುವುದಿಲ್ಲ.

ಎರಡು ದಿನ ಊರಿಗೆ ಹೋಗಬೇಕಾದರೆ ಪಕ್ಕದ ಮನೆಯವರಿಗೆ ಆಹಾರದ ಡಬ್ಬಿ ಕೊಟ್ಟು ಹೋಗಬೇಡಿ. ಹೊರಡುವ ಮುಂಚೆ ಜಾಡಿಯಿಂದ ಏಳೆಂಟು ಬಸವನಹುಳು ಟ್ಯಾಂಕಿಗೆ ಬಿಡಿ. ಬೇಕಾದಾಗ ಹುಡುಕಿ ತಿನ್ನುತ್ತದೆ.