ಫಲ ಎಣಿಸಹೋಗಿ

ನಮ್ಮ ಕ್ರೈಸ್ತ ಸಭೆಯಲ್ಲಿ ನನಗೆ ಮೂರು ಜವಾಬ್ದಾರಿ ಇದ್ದವು: ಸಂಡೇ ಸ್ಕೂಲ್, ಗಾಯನ ತಂಡ, ಬುಧವಾರದ ಪ್ರಾರ್ಥನಾ ಕೂಟ. ಯಾರಾದರೂ ಫಲಭರಿತ ಜೀವಿತ ಎಂದರೆ ನನ್ನ ಮನಸ್ಸು ಮೊದಲು ಎಣಿಸುತ್ತಿದ್ದದ್ದು ಇವನ್ನೇ. ಒಂದು ಬುಧವಾರ ಕೂಟಕ್ಕೆ ಹೊರಡುವ ಗಡಿಬಿಡಿಯಲ್ಲಿದ್ದೆ. ಮರೆವು ಹೆಚ್ಚಾಗಿದ್ದ ಅಪ್ಪ "ಇವತ್ತು ಯಾವ ವಾರ?" ಎಂದು ನಾಲ್ಕನೇ ಸಲ ಕೇಳಿದರು. ರೇಗಿಬಿಟ್ಟೆ. ಅಂದು ನಾನು ಮಾತಾಡಬೇಕಿದ್ದದ್ದು ದೀರ್ಘಶಾಂತಿಯ, ಅಂದರೆ ತಾಳ್ಮೆಯ ಬಗ್ಗೆ! ಹೆಂಡತಿ ಬಾಗಿಲಲ್ಲಿ ಇಷ್ಟೇ ಹೇಳಿದಳು: "ಅಲ್ಲಿ ಹೇಳೋದನ್ನ ಸ್ವಲ್ಪ ಇಲ್ಲೂ ಉಳಿಸಿ ಹೋಗ್ರೀ."

ಅದಕ್ಕೆ ನಾನು ಮೊದಲು ಮಾಡಿದ್ದು ಶುದ್ಧ ಪೆದ್ದು ಕೆಲಸ. ಬೈಬಲಿನ ಗಲಾತ್ಯ 5:22–23ರಲ್ಲಿ 'ಆತ್ಮನ ಫಲ' ಎಂದು ಹೇಳಿರುವ, ಪ್ರೀತಿ, ಸಂತೋಷ, ದೀರ್ಘಶಾಂತಿ ಮೊದಲಾದ ಒಂಬತ್ತು ಗುಣಗಳನ್ನೂ ನೋಟ್‌ಬುಕ್ಕಿನಲ್ಲಿ ಬರೆದು, ದಿನಾ ರಾತ್ರಿ ಒಂದೊಂದಕ್ಕೂ ಅಂಕ ಹಾಕಿಕೊಳ್ಳತೊಡಗಿದೆ. ಅಂಕ ಏರಿದ ದಿನ ಬೀಗುತ್ತಿದ್ದೆ, ಇಳಿದ ದಿನ ಮನೆಮಂದಿಯ ಮೇಲೆಲ್ಲ ಸಿಡುಕುತ್ತಿದ್ದೆ. ಮೂರು ವಾರಕ್ಕೆ ನೋಟ್‌ಬುಕ್ ಮೂಲೆ ಸೇರಿತು.

ಆ ಭಾಗವನ್ನು ಮತ್ತೆ ನಿಧಾನವಾಗಿ ಓದಿದಾಗ ಕಣ್ಣಿಗೆ ಬಿದ್ದದ್ದು ಒಂದು ಪುಟ್ಟ ವ್ಯತ್ಯಾಸ. ಆ ಪತ್ರ ಬರೆದ ಪೌಲನು ಶರೀರಭಾವದ, ಅಂದರೆ ಮನುಷ್ಯನ ಪಾಪಸ್ವಭಾವದ ವಿಷಯಕ್ಕೆ 'ಕರ್ಮಗಳು' ಅನ್ನುತ್ತಾನೆ, ಆತ್ಮನ ವಿಷಯಕ್ಕೆ 'ಫಲ'. ಒಂದು ಬಹುವಚನ, ಇನ್ನೊಂದು ಏಕವಚನ. ಅಂದರೆ ಅವು ಒಂಬತ್ತು ಬೇರೆ ಬೇರೆ ಹಣ್ಣುಗಳಲ್ಲ, ಬಿಡಿಬಿಡಿಯಾಗಿ ಅಂಕ ಹಾಕುವುದಕ್ಕೆ. ಮೇಲಾಗಿ ಕರ್ಮ ನಾವು ಮಾಡುವಂಥದ್ದು, ಫಲ ತಾನಾಗಿ ಬಿಡುವಂಥದ್ದು. ಯೇಸು ತಾನು ದ್ರಾಕ್ಷಿಬಳ್ಳಿ, ಶಿಷ್ಯರು ಅದರ ಕೊಂಬೆಗಳು ಅನ್ನುವ ಯೋಹಾನ 15ರಲ್ಲೂ ಅಷ್ಟೇ. 4ರಿಂದ 10ನೇ ವಚನದೊಳಗೆ ಗ್ರೀಕ್ ಮೂಲದಲ್ಲಿ 'ಮೆನೋ', ಅಂದರೆ ನೆಲೆಗೊಂಡಿರು ಎಂಬ ಪದ ಹತ್ತು ಸಲ ಬರುತ್ತದೆ. ಕೊಂಬೆಗೆ ಹೇಳಿದ ಕೆಲಸ ಅದೊಂದೇ. ನನಗೋ ನೆಲೆಗೊಳ್ಳುವುದಕ್ಕೆ ಪುರುಸೊತ್ತೇ ಇರಲಿಲ್ಲ.

ಅದೇ ಅಧ್ಯಾಯದ 2ನೇ ವಚನ ಇನ್ನೂ ಕಷ್ಟಕ್ಕೆ ಸಿಕ್ಕಿಸಿತು. ತೋಟಗಾರ ಕತ್ತರಿಸಿ ಸವರುವುದು ಫಲ ಕೊಡುವ ಕೊಂಬೆಯನ್ನು! ಕೆಟ್ಟದ್ದನ್ನು ಬಿಡುವುದು ಗೊತ್ತಿತ್ತು. ಚೆನ್ನಾಗಿ ನಡೆಯುತ್ತಿರುವುದನ್ನು ಬಿಡುವುದು ಹೇಗೆ? ಎರಡು ತಿಂಗಳು ಎಳೆದಾಡಿ ಗಾಯನ ತಂಡ ಬಿಟ್ಟೆ. ಕೆಲವರು ನನ್ನ ಭಕ್ತಿ ತಣ್ಣಗಾಯಿತೆಂದು ಮಾತಾಡಿಕೊಂಡರು. ನಿಜ ಹೇಳಬೇಕೆಂದರೆ, ಸೇವೆ ಬಿಟ್ಟದ್ದಕ್ಕಿಂತ ಆ ಮಾತು ಹೆಚ್ಚು ಚುಚ್ಚಿತು. ನಾನು ಅಲ್ಲಿ ಹಾಡುತ್ತಿದ್ದದ್ದು ಯಾರಿಗಾಗಿ ಎಂಬುದೂ ಆಗಲೇ ಗೊತ್ತಾಯಿತು.

ಬಿಟ್ಟ ಹೊತ್ತಿನಲ್ಲಿ ಮಾಡಿದ್ದು ದೊಡ್ಡದೇನಲ್ಲ. ಬೆಳಿಗ್ಗೆ ಫೋನ್ ಮುಟ್ಟುವ ಮೊದಲು ಯೋಹಾನ 15ರ ಮೊದಲ ಹನ್ನೊಂದು ವಚನ, ದಿನಾ ಅದೇ ಭಾಗ. ಹೊಸದೇನಾದರೂ ಹೊಳೆಯಲೇಬೇಕೆಂಬ ಹಟವನ್ನು ಬಿಟ್ಟೆ. ಆಮೇಲೆ ಅಪ್ಪನ ಜೊತೆ ಅರ್ಧ ಗಂಟೆ. ಕೇಳಿದ್ದನ್ನೇ ಕೇಳಿದಾಗ ಮೊದಲ ಸಲ ಕೇಳಿದವನಂತೆ ಉತ್ತರ ಕೊಡುವುದು. ದನಿ ಏರಿದರೆ ಅದೇ ದಿನ ಕ್ಷಮೆ ಕೇಳುವುದು, "ಆದರೆ ನೀವೂ..." ಎಂದು ಸೇರಿಸದೆ. ಈ ಕೊನೆಯದು ಬಲು ಕಷ್ಟ. ಮಗಳ ಹತ್ತಿರ ಮೊದಲ ಸಲ ಹಾಗೆ ಕೇಳಿದಾಗ ಅವಳು ಗಾಬರಿಯಿಂದ ಅಮ್ಮನ ಮುಖ ನೋಡಿದಳು.

ತಿಂಗಳುಗಟ್ಟಲೆ ಏನೂ ಬದಲಾದಂತೆ ಕಾಣಲಿಲ್ಲ. ಆಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಲೂಕ 13ರಲ್ಲಿ ಯೇಸು ಹೇಳುವ ಕಥೆಯ ಅಂಜೂರದ ಮರ. ಮೂರು ವರ್ಷ ಫಲವಿಲ್ಲ, ಕಡಿಯಿರಿ ಅನ್ನುತ್ತಾನೆ ಯಜಮಾನ. ಈ ವರ್ಷವೂ ಇರಲಿ, ಸುತ್ತ ಅಗೆದು ಗೊಬ್ಬರ ಹಾಕುತ್ತೇನೆ ಅನ್ನುತ್ತಾನೆ ತೋಟಗಾರ. ಆ ಮರ ಕೊನೆಗೆ ಫಲ ಕೊಟ್ಟಿತೋ ಇಲ್ಲವೋ, ಯೇಸು ಹೇಳುವುದೇ ಇಲ್ಲ. ಮೊದಲೆಲ್ಲ ಆ ಕಥೆಯಲ್ಲಿ ನನಗೆ ಕೇಳಿಸುತ್ತಿದ್ದದ್ದು ಕೊಡಲಿಯ ಸದ್ದು. ಈಗ ಕಾಣುವುದು ಬುಡದಲ್ಲಿ ಕೂತು ಮಣ್ಣು ಸಡಿಲಿಸುತ್ತಿರುವ ಆ ಮನುಷ್ಯ.

ಮೊನ್ನೆ ಅಪ್ಪ ಯಾವ ವಾರ ಎಂದು ಆರು ಸಲ ಕೇಳಿದರು. ಎಣಿಸುವ ಚಟ ಇನ್ನೂ ಪೂರ್ತಿ ಹೋಗಿಲ್ಲ ನೋಡಿ. ಐದು ಸಲ ಸಮಾಧಾನವಾಗಿಯೇ ಹೇಳಿದೆ. ಆರನೆಯದಕ್ಕೆ ದನಿ ಏರಿತು. ಪಕ್ಕದಲ್ಲಿ ಕೂತು, "ತಪ್ಪಾಯ್ತಪ್ಪ" ಎಂದೆ.

"ಯಾಕೋ, ಏನಾಯ್ತು?" ಎಂದರು. ಅವರಿಗೆ ಆಗಲೇ ಮರೆತುಹೋಗಿತ್ತು.